ಜಮಖಾನಿ ಓಣಿಯ ಕರೆಂಟ್ ಒಲೆ

ಮನೆಯೊಳಗೆ ಕಾಲಿಡದೆ, ಹೊರಗೋಡೆಯ ಮೀಟರಿನ ಎದುರು ನಿಂತು, ಒಳಗೆ ಏನೇನು ಉರಿಯುತ್ತಿದೆ, ಏನೇನು ತಿರುಗುತ್ತಿದೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಕಾಗದದ ಮೇಲೆ ನಾನು ಮೀಟರ್ ಮೆಕ್ಯಾನಿಕ್. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಜನರ ಬಾಯಲ್ಲಿ ಮೀಟರ್ ಬಸಣ್ಣ.

ಮೊನ್ನೆ ಅಣ್ಣಿಗೇರಿಯ ನಮ್ಮ ಮನೆಗೆ ಹೊಸ ಮೀಟರು ಕೂಡಿಸಲು ಇಬ್ಬರು ತರುಣರು ಬಂದಿದ್ದರು. ಚಕ್ರವಿಲ್ಲ, ಸದ್ದಿಲ್ಲ, ಬರೀ ಬಿಳಿ ಡಬ್ಬಿ. ನಾನೂ ಕರೆಂಟಿನ ನೌಕರಿಯಲ್ಲೇ ಸವೆದವನು ಎಂದು ಗೊತ್ತಾದ ಮೇಲೆ ಅವರಲ್ಲೊಬ್ಬ ಹುರುಪಿನಿಂದ ಶುರು ಮಾಡಿದ.

"ಅಜ್ಜಾರ, ಇನ್ನ ಮುಂದ ಮೀಟರ್ ತಾನ ಕಲೀತೈತ್ರಿ. ಫ್ರಿಜ್ ಯಾವಾಗ ಚಾಲೂ ಆತು, ಗೀಸರ್ ಯಾವಾಗ ಬಂದ್ ಆತು, ಎಲ್ಲಾ ಕಂಪ್ಯೂಟರ್‌ಗೆ ತಿಳೀತೈತಿ. ಮಷಿನ್ ಲರ್ನಿಂಗ್ ಅಂತಾರ ಇದಕ್ಕ."

"ತಿಳದ ಮ್ಯಾಲೆ ಏನ್ ಮಾಡ್ತೀರಪಾ?" ಎಂದು ಕೇಳಿದೆ.

"ತಿಳೀತೈತಲ್ರಿ ಅಜ್ಜಾರ!" ಎಂದ. ಅವನಿಗೆ ಅಷ್ಟೇ ಸಾಕಾಗಿತ್ತು. ಅವನ ವಯಸ್ಸಿನಲ್ಲಿ ನನಗೂ ಅಷ್ಟೇ ಸಾಕಾಗಿತ್ತು. ಚಹಾ ಕುಡಿದು ಹೊರಡುವಾಗ, "ನಿಮ್ಮ ಕಾಲದ್ದ ಬರದ ಕೊಡ್ರಿ, ನಮ್ಮ ಟ್ರೇನಿಂಗ್‌ನಾಗ ಓದ್ತೀವಿ" ಎಂದು ಹೇಳಿ ಹೋದ. ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಸನ್ಮಾನ ಇದರಲ್ಲಿ ಇಲ್ಲ. ಓದಿದರೆ ಕೆಲಸದ ಮೇಲೆ ಹುರುಪು ಹುಟ್ಟುತ್ತದೆ ಎಂಬ ಭರವಸೆಯನ್ನೂ ನಾನು ಕೊಡಲಾರೆ.

ನಮ್ಮ ಸೀಮೆಯಲ್ಲಿ ಮೀಟರ್ ನೋಡುವವನನ್ನು ಒಳಗೆ ಬಿಡುತ್ತಿರಲಿಲ್ಲ. ನಮ್ಮ ಲಿಂಗಾಯತರ ಮನೆಗಳಲ್ಲಿ ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡವನು ಪಡಸಾಲೆ ದಾಟುವಂತಿರಲಿಲ್ಲ. ಆಚೆಗೆ ದೇವರ ಜಗಲಿ, ಅಡುಗೆಮನೆ. ಮುಸಲ್ಮಾನರ ಮನೆಗಳಲ್ಲಿ ಗಂಡಸರು ಇಲ್ಲದ ಹೊತ್ತು ಬಾಗಿಲಿನ ಪರದೆಯೇ ಗಡಿ. ಮನೆಯಲ್ಲಿ ಏನೇನು ಉಪಕರಣ ಇವೆ ಎಂದು ಪಟ್ಟಿ ಮಾಡಿಕೊಂಡು ಬಾ ಎಂದು ಸಾಹೇಬರು ಹೇಳುತ್ತಿದ್ದರು. ಒಳಗೆ ಹೋಗುವುದು ಹೇಗೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಅದಕ್ಕೇ ಚಕ್ರ ನೋಡುವುದನ್ನು ಕಲಿತೆ.

ಹಳೆಯ ಮೀಟರಿನ ಗಾಜಿನ ಹಿಂದೆ ಅಲ್ಯುಮಿನಿಯಂ ಚಕ್ರವೊಂದು ಅಡ್ಡಲಾಗಿ ತಿರುಗುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಪ್ಪು ಗುರುತು. ಒಂದೇ ಬಲ್ಬು ಉರಿಯುತ್ತಿದ್ದರೆ ಆ ಗುರುತು ಮರೆಯಾಗಿ ಮತ್ತೆ ಕಾಣಿಸುವಷ್ಟರಲ್ಲಿ ನಿಧಾನಕ್ಕೆ ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಚಕ್ರ ಓಡುತ್ತಿತ್ತು, ಬಿಸಿ ಸಾಕಾಗಿ ಪೆಟ್ಟಿಗೆ ತಾನೇ ಬಂದ್ ಆದಾಗ ಥಟ್ಟನೆ ನಿಧಾನವಾಗಿ ಮತ್ತೆ ಓಡುತ್ತಿತ್ತು. ಮೋಟಾರು ಇದ್ದರೆ ಶುರುವಿಗೆ ಒಂದು ಜಿಗಿತ, ಆಮೇಲೆ ಸಮಾಧಾನ. ಕರೆಂಟ್ ಒಲೆಯದು ಮಾತ್ರ ಒಂದೇ ಸಮನೆ ಓಟ. ಅಂಥ ಮನೆಯ ಮುಂದೆ ನಿಂತರೆ ಒಳಗೆ ರೊಟ್ಟಿ ಬೇಯುತ್ತಿದೆಯೋ ನೀರು ಕಾಯುತ್ತಿದೆಯೋ ಎಂಬುದೊಂದು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಿದ್ದೆ.

ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದು ತಿಳಿಯಬೇಡಿ. ಒಂದು ಮಳೆಗಾಲ ಕಲಘಟಗಿಯ ಕಡೆ ಒಂದು ಹಳ್ಳಿಯ ಮನೆಯಲ್ಲಿ ಎಲ್ಲ ಬಂದ್ ಮಾಡಿಸಿದರೂ ಚಕ್ರ ನಿಲ್ಲಲಿಲ್ಲ. ನೆಲದಡಿ ಕಳ್ಳ ತಂತಿ ಇದೆ ಎಂದು ಅಗದಿ ಧೈರ್ಯವಾಗಿ ಹೇಳಿದೆ. ಆಗಿನ ನಮ್ಮ ಸಾಹೇಬರಿಗೆ ಕಳ್ಳತನ ಎಂದರೆ ಹಬ್ಬ. ಆಳುಗಳನ್ನು ಕರೆಸಿ ದನದ ಮನೆಯ ನೆಲ ಅಗೆಸಿದರು. ಏನೂ ಸಿಗಲಿಲ್ಲ. ಹಿಂದಿನ ಮಣ್ಣಿನ ಗೋಡೆ ಮಳೆಗೆ ನೆನೆದು ಕರೆಂಟನ್ನು ಭೂಮಿಗೆ ಇಳಿಸುತ್ತಿತ್ತು. "ಗ್ವಾಡಿಗೆ ಮೈ ತಾಕಿದ್ರ ಎಮ್ಮಿ ಹಾರಿ ಬೀಳತೈತಿ ಅಂತ ಮುಂಜಾನಿಂದ ಹೇಳಾಕತ್ತೀನಿ, ಯಾರಾರ ಕೇಳಿದ್ರೇನು?" ಎಂದು ಆ ಮನೆಯ ಹೆಣ್ಣುಮಗಳು ನಮ್ಮನ್ನು ಬೈದಳು. ಹೇಳಿದ್ದು ಹೌದು. ಚಕ್ರ ನೋಡುವ ಭರದಲ್ಲಿ ನಮಗೆ ಮನುಷ್ಯರ ಮಾತು ಕೇಳಿಸಿರಲಿಲ್ಲ.

ಆ ಸಾಹೇಬರು ವರ್ಗವಾಗಿ ಹೋದ ಮೇಲೆ ನವಲಗುಂದಕ್ಕೆ ದೇಸಾಯಿ ಸಾಹೇಬರು ಬಂದರು. ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಓದಿದ ಇಂಜಿನಿಯರು, ಸಣ್ಣ ವಯಸ್ಸು, ಸೈಕಲ್ ಮೇಲೆ ಓಡಾಡುತ್ತಿದ್ದರು. ನಾನು ಚಕ್ರ ನೋಡಿ ಹೇಳುವುದನ್ನು ಎರಡು ಮನೆಗಳ ಮುಂದೆ ಪರೀಕ್ಷೆ ಮಾಡಿ, "ಬಸಣ್ಣ, ಇದು ನಿನ್ನ ಕಣ್ಣಿನಾಗ ಇದ್ರ ಸಾಲದು. ಕಾಗದದ ಮ್ಯಾಲೆ ಬರಬೇಕು" ಎಂದರು. ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯಿಂದ ಒಂದು ಪೆಟ್ಟಿಗೆ ತಂದರು. ಅದರೊಳಗೆ ಗಡಿಯಾರದಂತೆ ಕೀಲಿ ಕೊಟ್ಟರೆ ತಿರುಗುವ ಒಂದು ಉರುಳೆ, ಉರುಳೆಗೆ ಸುತ್ತಿದ ಕಾಗದ, ಕಾಗದಕ್ಕೆ ತಾಗಿದ ಶಾಯಿಯ ಪೆನ್ನು. ಮನೆಗೆ ಹೋಗುವ ತಂತಿಗೆ ಪೆಟ್ಟಿಗೆ ಜೋಡಿಸಿದರೆ, ಒಳಗೆ ಕರೆಂಟು ಹೆಚ್ಚು ಎಳೆದಾಗ ಗೆರೆ ಮೇಲೇರುತ್ತಿತ್ತು, ಕಡಿಮೆಯಾದಾಗ ಇಳಿಯುತ್ತಿತ್ತು. ಬಲ್ಬಿಗೆ ಸಣ್ಣ ಮೆಟ್ಟಿಲು, ಒಲೆಗೆ ದೊಡ್ಡ ಮೆಟ್ಟಿಲು, ಮೋಟಾರಿಗೆ ಶುರುವಿನಲ್ಲೊಂದು ಕೊಂಬು. ಈಗಿನ ನಿಮ್ಮ ಕಂಪ್ಯೂಟರು ಮಾಡುವುದೂ ಇದನ್ನೇ. ನಮ್ಮದಕ್ಕೆ ಶಾಯಿ ಹಾಕಬೇಕಿತ್ತು, ಅಷ್ಟೇ ಫರಕು.

ಸಾಹೇಬರು ಈ ಹುಚ್ಚು ಹಚ್ಚಿಕೊಳ್ಳಲು ಕಾರಣ ಜಮಖಾನಿ ಓಣಿಯ ಟ್ರಾನ್ಸ್‌ಫಾರ್ಮರು. ಆ ಓಣಿಯ ಮನೆಗಳಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನಿ ನೇಯುತ್ತಿದ್ದರು. ಕೈಕೆಲಸ, ಮಗ್ಗಕ್ಕೆ ಕರೆಂಟು ಬೇಡ. ಬೇಕಾಗಿದ್ದು ಒಲೆಗೆ. ನವಲಗುಂದದ ಎರೆಭೂಮಿಯಲ್ಲಿ ಕಟ್ಟಿಗೆ ಎಲ್ಲಿ ಸಿಗಬೇಕು? ಸಗಣಿಯ ಕುಳ್ಳು, ಹತ್ತಿಕಟ್ಟಿಗೆ, ಅದರ ಕಣ್ಣುರಿಸುವ ಹೊಗೆ. ಹಾಗಾಗಿ ಒಂದೊಂದೇ ಮನೆಗೆ ಕರೆಂಟ್ ಒಲೆ ಸೇರಿಕೊಂಡಿತ್ತು. ಪ್ರತಿ ಬೇಸಿಗೆಗೆ ಟ್ರಾನ್ಸ್‌ಫಾರ್ಮರು ಸುಡುತ್ತಿತ್ತು, ವಾರಗಟ್ಟಲೆ ಓಣಿ ಕತ್ತಲಲ್ಲಿ ಕೂಡುತ್ತಿತ್ತು.

ಅವರ ಕನೆಕ್ಷನ್ನು ಬರೀ ದೀಪಕ್ಕೆ. ಒಲೆಗೆ ಬೇರೆ ಮಂಜೂರಾತಿ ಬೇಕು. ಮಂಜೂರಾತಿ ಕೇಳಿದರೆ, ಟ್ರಾನ್ಸ್‌ಫಾರ್ಮರು ಸಣ್ಣದು, ಕೊಡಲಾಗದು ಎಂದು ಮೇಲಿನಿಂದ ಉತ್ತರ. ದೊಡ್ಡ ಟ್ರಾನ್ಸ್‌ಫಾರ್ಮರು ಕೇಳಿದರೆ, ಆ ಓಣಿಗೆ ಮಂಜೂರಾದದ್ದು ಬರೀ ದೀಪಕ್ಕೆ ಬೇಕಾಗುವ ಕರೆಂಟಿನ ಭಾರ, ಇದ್ದದ್ದೇ ಸಾಕು ಎಂದು ಅದೇ ಕಚೇರಿಯ ಉತ್ತರ. ಎರಡೂ ಉತ್ತರಕ್ಕೆ ಸಹಿ ಒಬ್ಬರದೇ. ನಾನು ನಕ್ಕರೆ ದೇಸಾಯಿ ಸಾಹೇಬರು ನಗಲಿಲ್ಲ.

"ಕಾಗದ ನೋಡಿದ್ರ ಟ್ರಾನ್ಸ್‌ಫಾರ್ಮರ್ ಅರ್ಧ ಖಾಲಿ ಅದ. ಖರೆ ನೋಡಿದ್ರ ಸಾಯ್ಲಿಕ್ಕೆ ಹತ್ತೇದ" ಎಂದರು. "ಯಾವ ಮನ್ಯಾಗ ಏನ್ ನಡೀತದ ಅಂತ ಗೆರಿ ಹಾಕಿ ತೋರಸೂಣು. ಗೆರಿ ನೋಡಿದ ಮ್ಯಾಲೆ ಹೆಂಗ ಇಲ್ಲ ಅಂತಾರ?"

ಅವರು ಅದನ್ನು ನಂಬಿದ್ದರು. ಅವರನ್ನು ನೋಡಿ ನಾನೂ ನಂಬಿದೆ.

ಆದರೆ ಗೆರೆ ಓದಲು ಮೊದಲು ಕಲಿಯಬೇಕು. ಯಾವ ಮೆಟ್ಟಿಲು ಯಾವ ಉಪಕರಣದ್ದು ಎಂದು ಖಾತ್ರಿಯಾಗಿ ತಿಳಿದ ಒಂದು ಮನೆ ಬೇಕು. ಓಣಿಯಲ್ಲಿ ಕೇಳುತ್ತಾ ಹೋದೆವು. ಪೆಟ್ಟಿಗೆ ಕಂಡ ಕೂಡಲೇ ಎಲ್ಲರೂ ಒಲೆಯನ್ನು ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಪೆಟ್ಟಿಗೆ ನೇತಾಡುವಷ್ಟು ದಿನ ಆ ಮನೆಯಲ್ಲಿ ಎರಡು ಬಲ್ಬು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಕೊನೆಗೆ ಒಪ್ಪಿದ್ದು ಒಂದೇ ಮನೆ, ಮಕ್ತುಮಸಾಬರದು.

ಮಕ್ತುಮಸಾಬರು ಜಮಖಾನಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಸಂತೆಯಿಂದ ಸಂತೆಗೆ ತಿರುಗಿ ಮಾರುವವರು. ನೇಯುವವರು ಅವರ ಹೆಂಡತಿ ಖಾತೂನಬಿ. ಮನೆ ಆಕೆಯ ತಂದೆಯಿಂದ ಬಂದದ್ದು, ಕನೆಕ್ಷನ್ನೂ ಆಕೆಯ ಹೆಸರಿನಲ್ಲೇ. ಆಕೆಗೆ ದಮ್ಮು ಇತ್ತು. ಹತ್ತಿಯ ಧೂಳಿನಲ್ಲೇ ಕುಳಿತು ಬೆಳೆದ ಜೀವ, ಹೊಗೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಸೀಮೆಎಣ್ಣೆ ಸ್ಟೋವಿನ ವಾಸನೆಯೂ ಆಗುತ್ತಿರಲಿಲ್ಲ. ಮಕ್ತುಮಸಾಬರು ಗದಗಿನಿಂದ ಕರೆಂಟ್ ಒಲೆ ತಂದುಕೊಟ್ಟ ಮೇಲೆ ಆಕೆ ಅಡ್ಡಲಾಗಿ ಮಲಗಿ ನಿದ್ದೆ ಮಾಡುವಂತಾಗಿದ್ದರು. ಅದಕ್ಕೂ ಮುಂಚೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರಂತೆ. ಆ ಮನೆಯಲ್ಲಿ ಒಲೆ ಎಂದರೆ ಅಷ್ಟು.

ಪೆಟ್ಟಿಗೆ ಜೋಡಿಸಿದ ದಿನ ಮಕ್ತುಮಸಾಬರು ಕಟ್ಟೆಯ ಮೇಲೆ ಕುಳಿತಿದ್ದರು. ಸಾಹೇಬರು ಪೆಟ್ಟಿಗೆಯ ಮುಂದೆ, ನಾನು ಮೀಟರಿನ ಮುಂದೆ. ಖಾತೂನಬಿ ಪರದೆಯ ಒಳಗೆ. ನಾನು ಕೂಗಿ ಹೇಳಬೇಕು, ಆಕೆ ಹಚ್ಚಬೇಕು, ಸಾಹೇಬರು ಗೆರೆಯ ಪಕ್ಕದಲ್ಲಿ ಹೆಸರು ಬರೆಯಬೇಕು.

"ಭಾಬಿ, ಎಲ್ಲಾ ಬಂದ್ ಮಾಡ್ರಿ."

"ಮಾಡೀನ್ರಿ."

"ಅಡಗಿಮನಿ ಬಲ್ಬ್ ಹಚ್ರಿ."

"ಹಚ್ಚೀನ್ರಿ."

"ಈಗ ಒಲಿ."

ಖಾತೂನಬಿ ಒಲೆ ಹಚ್ಚದೆ ಪರದೆಯ ಹತ್ತಿರಕ್ಕೇ ಬಂದು ಕೇಳಿದರು. "ಬಸಣ್ಣಾ, ಒಲಿ ಹಚ್ಚಿದ್ರ ಅದನ್ನೂ ಬರಕೋತೀರೇನು?"

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರೇ ಉತ್ತರ ಕೊಟ್ಟರು. "ಬರಕೋಬೇಕವ್ವ. ಖರೇದ ಬರದ್ರನ ದೊಡ್ಡ ಟ್ರಾನ್ಸ್‌ಫಾರ್ಮರ್ ಕೇಳ್ಲಿಕ್ಕೆ ಬರ್ತದ."

"ದೊಡ್ಡದ ಬಂದ್ರ ಒಲಿಗೆ ಪರವಾನಗಿ ಸಿಗತೈತೇನ್ರಿ?"

"ಸಿಗ್ತದ."

"ಹಂಗಾರ ಬರೀರಿ ಸಾಹೇಬ್ರ. ಕದ್ದ ಅಡಗಿ ಮಾಡಿ ಮಾಡಿ ನನಗೂ ಸಾಕಾಗೇತಿ. ಒಲಿ ಮ್ಯಾಲೆ ಡಬರಿ ಇಟ್ಟಾಗೊಮ್ಮೆ ಬಾಗಲಾ ನೋಡೂದಾಗೇತಿ."

ಕಟ್ಟೆಯ ಮೇಲಿದ್ದ ಮಕ್ತುಮಸಾಬರು ನಕ್ಕರು. "ಆಕೀದ ಹಂಗರಿ. ಸುಳ್ಳ ಹೇಳಿದ್ರ ಉಂಡದ್ದ ಅರಗೂದಿಲ್ಲ ಆಕೀಗೆ."

ಒಲೆ ಹಚ್ಚಿದರು. ಪೆನ್ನು ಮೇಲೇರಿತು. ಸಾಹೇಬರು ಅದರ ಪಕ್ಕದಲ್ಲಿ ದುಂಡಗೆ "ಒಲೆ" ಎಂದು ಬರೆದು, ಕಾಗದದ ತುದಿಗೆ ಮನೆಯ ನಂಬರು ಹಾಕಿದರು. ಹಾಕದಿದ್ದರೆ ಯಾವ ಮನೆಯದು ಎಂದು ಮೇಲಿನವರು ಕೇಳುತ್ತಾರೆ, ಲೆಕ್ಕ ಪಕ್ಕಾ ಇರಬೇಕು ಎಂಬುದು ಅವರ ವಿಚಾರ. ಇಡೀ ದಿನ ಇದೇ ನಡೆಯಿತು. ಬಲ್ಬು, ಇಸ್ತ್ರಿ, ರೇಡಿಯೋ, ಒಲೆ. ಒಲೆ ಮತ್ತು ಬಲ್ಬು, ಒಲೆ ಮತ್ತು ಇಸ್ತ್ರಿ. ಸಂಜೆ ವೋಲ್ಟೇಜ್ ಬಿದ್ದು ಎಲ್ಲ ಮೆಟ್ಟಿಲುಗಳೂ ಕುಗ್ಗಿದವು. ಒಲೆಯ ಮೆಟ್ಟಿಲು ಇಸ್ತ್ರಿಯಷ್ಟೇ ಆಗಿ ಕಂಡು ನಾನು ತಪ್ಪಿದೆ, ಸಾಹೇಬರು ಲೆಕ್ಕ ಹಾಕಿ ತಿದ್ದಿದರು. ಅಷ್ಟು ಸಲ ಹಚ್ಚಿ ಆರಿಸಿದರೂ ಖಾತೂನಬಿ ಒಮ್ಮೆಯೂ ಬೇಸರಿಸಲಿಲ್ಲ. ನಡುವೆ ಪರದೆಯ ಕೆಳಗಿನಿಂದ ಎರಡು ಬಟ್ಟಲು ಚಹಾ ಬಂತು. ಕುದಿಸಿದ್ದು ಅದೇ ಒಲೆಯ ಮೇಲೆ, ಅದರ ಮೆಟ್ಟಿಲೂ ಕಾಗದದ ಮೇಲೆ ಮೂಡಿತ್ತು.

ಆ ಮನೆಯಲ್ಲಿ ಕಲಿತದ್ದನ್ನು ಹಿಡಿದುಕೊಂಡು ಮುಂದಿನ ತಿಂಗಳುಗಳಲ್ಲಿ ಬೇರೆ ಊರುಗಳಿಗೂ ಪೆಟ್ಟಿಗೆ ಹೊತ್ತು ತಿರುಗಿದೆವು. ಈಗ ನೆನೆದರೆ ನನ್ನ ನೌಕರಿಯಲ್ಲಿ ಖುಷಿ ಎಂದು ಕರೆಯಬಹುದಾದ ದಿನಗಳು ಅವೇ. ಕುಂದಗೋಳದ ಒಬ್ಬ ಗೌಡರ ಮನೆಯ ಗೆರೆಯಲ್ಲಿ ಸಂಜೆಯಾದರೆ ಸಣ್ಣದೊಂದು ನಡುಕ ಕಾಣುತ್ತಿತ್ತು, ಏರಿ ಇಳಿದು ಏರಿ ಇಳಿದು. ಯಾವುದೋ ಯಂತ್ರ ಬಚ್ಚಿಟ್ಟಿದ್ದಾರೆ ಎಂದೆ ನಾನು. ಸಾಹೇಬರಿಗೂ ತಲೆ ಕೆಟ್ಟಿತು. ಕೊನೆಗೆ ಗೌಡರನ್ನೇ ಕೇಳಿದೆವು. "ಮದ್ಲ ಕಾಲ ತೊಳ್ಕೊಂಡ ಬರ್ರಿ. ಆ ಚೀಲಾ ಅಲ್ಲೇ ಇಡು ತಮ್ಮಾ" ಎಂದು ಒಳಗೆ ಕರೆದೊಯ್ದರು. ದೇವರ ಜಗಲಿಯ ಸುತ್ತ ಮಿಣುಕುವ ಸಣ್ಣ ಬಲ್ಬುಗಳ ಸರ. "ಯಂತ್ರ ಸಿಕ್ಕತೇನ್ರಿ?" ಎಂದು ಗೌಡರು ಕೈಗೆ ಪ್ರಸಾದ ಹಾಕಿದರು. ದಾರಿಯುದ್ದಕ್ಕೂ ಸಾಹೇಬರು ನನ್ನನ್ನು ಚೇಷ್ಟೆ ಮಾಡಿದರು, ನಾನು ಅವರನ್ನು.

ಎಲ್ಲ ಗೆರೆಗಳನ್ನು ಕೂಡಿಸಿ ಸಾಹೇಬರು ದೊಡ್ಡದೊಂದು ವರದಿ ಮಾಡಿದರು. ಜಮಖಾನಿ ಓಣಿಗೆ ಮಂಜೂರಾದ ಭಾರ ಎಷ್ಟು, ನಿಜವಾದ ಭಾರ ಎಷ್ಟು, ಅದಕ್ಕೆ ಎಂಥ ಟ್ರಾನ್ಸ್‌ಫಾರ್ಮರು ಬೇಕು ಎಂಬುದೆಲ್ಲ ಅದರಲ್ಲಿತ್ತು. ಸಾಕ್ಷಿಗೆಂದು ಖಾತೂನಬಿಯವರ ಮನೆಯ ಕಾಗದವನ್ನು ಎಲ್ಲದಕ್ಕೂ ಮೇಲೆ ಲಗತ್ತಿಸಿದರು. ಅಷ್ಟು ಸ್ಪಷ್ಟವಾದ ಗೆರೆ ಬೇರೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ. ಉಳಿದವರು ಒಲೆ ಅಡಗಿಸಿದ್ದರಲ್ಲ.

ಟ್ರಾನ್ಸ್‌ಫಾರ್ಮರು ಬರಲಿಲ್ಲ. ತಪಾಸಣೆಯ ದಳ ಬಂತು.

ಬೆಳಗಿನ ಹೊತ್ತು ಜೀಪು ನಮ್ಮ ಆಫೀಸಿನ ಮುಂದೆ ನಿಂತಿತು. ದೇಸಾಯಿ ಸಾಹೇಬರು ಅಂದು ಲೈನಿನ ಕೆಲಸಕ್ಕೆ ಹಳ್ಳಿಗೆ ಹೋಗಿದ್ದರು. ದಳದ ಸಾಹೇಬರ ಕೈಯಲ್ಲಿ ನಮ್ಮದೇ ಕಾಗದದ ಪ್ರತಿ, ಅದರ ತುದಿಯಲ್ಲಿ ಮನೆಯ ನಂಬರು. "ಇದನ್ನ ತೋರ್ಸು ನಡಿ" ಎಂದರು. ಆ ನಂಬರಿನ ಮನೆ ಹುಡುಕಲು ಅವರಿಗೆ ನಾನೇ ಬೇಕೆಂದೇನೂ ಇರಲಿಲ್ಲ, ಬಾಗಿಲ ಮೇಲೇ ಬರೆದಿತ್ತು. ಜೀಪು ಹತ್ತಿದೆ.

ಮಕ್ತುಮಸಾಬರು ಅಣ್ಣಿಗೇರಿ ಸಂತೆಗೆ ಹೋಗಿದ್ದರು. ಪರದೆ ಇಳಿಬಿಟ್ಟಿತ್ತು. ಚಕ್ರ ಒಂದೇ ಸಮನೆ ಓಡುತ್ತಿತ್ತು. ಒಳಗಿನಿಂದ ಮಗ್ಗದಲ್ಲಿ ನೂಲು ಕುಟ್ಟಿ ಕೂರಿಸುವ ಸದ್ದು ಬರುತ್ತಿತ್ತು. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಮಗ್ಗಕ್ಕೆ ಕೂತಿದ್ದರೆಂದು ಕಾಣುತ್ತದೆ.

"ಗಂಡಸರು ಮನ್ಯಾಗ ಇಲ್ರಿ" ಎಂದು ನಾನು ಹೊಸ್ತಿಲಿಗೆ ಅಡ್ಡ ನಿಂತೆ. "ಒಳಗ ಹೋಗೂ ಪದ್ಧತಿ ಇಲ್ರಿ ಇಲ್ಲೆ. ನಾಳೆ ಬರೂಣ್ರಿ."

"ಕಳ್ಳರ ಮನಿಗೆ ಹೇಳಿ ಕೇಳಿ ಬರಬೇಕೇನಲೇ?"

"ಕಳ್ಳತನ ಅಲ್ರಿ ಸಾಹೇಬ್ರ. ಒಲಿ ಉರಿದದ್ದೆಲ್ಲಾ ಮೀಟರ್‌ನಾಗ ಬಂದೇತ್ರಿ. ಬಿಲ್ ತುಂಬ್ಯಾರ. ಪರವಾನಗಿ ಒಂದ ಇಲ್ಲ, ಅಷ್ಟ."

"ಬಾಜು ಸರಿ."

ಒಳಗಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಪರದೆಯ ಅಂಚು ಅಲುಗಿತು. ಕೆಳಗಿನಿಂದ ಒಲೆ ಹೊರಗೆ ಜರುಗಿ ಬಂತು. ಅದರ ವಾಯರನ್ನು ನೀಟಾಗಿ ಸುತ್ತಿದ್ದರು. ಅದನ್ನು ತಳ್ಳಿದ ಕೈ ಕಂಡಿತು; ಬೆರಳುಗಳಿಗೆ ನೂಲಿನ ನೀಲಿ ಬಣ್ಣ ಹತ್ತಿತ್ತು. ಆ ಹೆಣ್ಣುಮಗಳ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು ಆ ಕೈ ಒಂದನ್ನೇ. ದಳದವನೊಬ್ಬ ಒಲೆ ಎತ್ತಲು ಹೋಗಿ ಕೈ ಸುಟ್ಟುಕೊಂಡು ಬಿಟ್ಟ.

"ತಗೊಳ್ರಿ. ಇದಕ್ಕ ಬಂದೀರಿ" ಎಂದಿತು ಒಳಗಿನ ಧ್ವನಿ. ಆಮೇಲೆ ನನ್ನ ಕಡೆ ತಿರುಗಿತು. "ಬಸಣ್ಣಾ, ನೀವ ಹಚ್ಚ ಅಂದ್ರಿ, ಹಚ್ಚಿದೆ. ಹಚ್ಚಿದ್ದ ಬರಕೊಂಡ್ರಿ. ಈಗ ಹಚ್ಚಿದ್ದ ತಪ್ಪ ಅಂದ್ರ, ನಾ ಯಾರ ಮಾತ ಕೇಳಬೇಕಾಗಿತ್ತು?"

ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿಗೆ ಹಾಕಿದರು. ಕಂಬ ಹತ್ತಿ ತಂತಿ ಕತ್ತರಿಸಿದರು. ಒಲೆಗಷ್ಟೇ ಅಲ್ಲ, ದೀಪಕ್ಕೂ. ಓಣಿಯ ಉಳಿದ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಲೆ ಅಡಗಿಸಿಟ್ಟು ಸುಳ್ಳು ಗೆರೆ ಕೊಟ್ಟಿದ್ದ ಆ ಯಾವ ಮನೆಯ ಮುಂದೆಯೂ ಜೀಪು ನಿಲ್ಲಲಿಲ್ಲ.

ದೇಸಾಯಿ ಸಾಹೇಬರು ಸುದ್ದಿ ಕೇಳಿ ಮರುದಿನವೇ ಮೇಲಿನ ಕಚೇರಿಗೆ ಓಡಿದರು. ನಾನೂ ಜೊತೆಗಿದ್ದೆ. ದೊಡ್ಡ ಸಾಹೇಬರು ಮೈಸೂರು ಕಡೆಯವರು, ಸಿಟ್ಟು ಮಾಡುವ ಪೈಕಿ ಅಲ್ಲ. ಎದ್ದು ನಿಂತು ಕೈಕುಲುಕಿದರು.

"ಬನ್ನಿ ದೇಸಾಯಿ, ಒಳ್ಳೇ ಕೆಲಸ ಮಾಡಿದ್ದೀರಿ. ಮನೆಯೊಳಗೆ ಹೋಗದೇನೇ ಹಿಡಿದಿದ್ದೀರಲ್ಲ! ಇಂಥ ಪೆಟ್ಟಿಗೆ ಎಲ್ಲಾ ಸೆಕ್ಷನ್ನಿಗೂ ಬೇಕು."

"ಸರ್, ಇದು ಹಿಡಿಯೂದಕ್ಕಲ್ಲ. ಟ್ರಾನ್ಸ್‌ಫಾರ್ಮರ್ ಸಲುವಾಗಿ ಮಾಡಿದ್ದು. ಆ ಹೆಣ್ಣಮಗಳು ನಮಗ ಸಹಾಯ ಮಾಡ್ಯಾಳ. ದಮ್ಮಿನ ರೋಗಿ ಇದ್ದಾಳ್ರಿ."

"ಮಂಜೂರಿಗಿಂತ ಜಾಸ್ತಿ ಬಳಸಿದ್ದಾರೆ ಅಂತ ನಿಮ್ಮ ಗೆರೆಯೇ ಹೇಳುತ್ತಲ್ಲ ದೇಸಾಯಿ. ಅನಧಿಕೃತ ಭಾರಕ್ಕೆ ನಾವು ಟ್ರಾನ್ಸ್‌ಫಾರ್ಮರ್ ಕೊಡೋಕಾಗುತ್ತಾ? ಮೊದಲು ಅದನ್ನ ತೆಗೀರಿ. ಆಮೇಲೆ ಮತ್ತೊಂದು ಸಲ ಗೆರೆ ತೆಗೆದು ಕಳಿಸಿ, ನೋಡೋಣ."

ತೆಗೆದು ಕಳಿಸಿದೆವು. ಖಾತೂನಬಿಯವರ ಗತಿ ಕಂಡ ಓಣಿಯಲ್ಲಿ ಆಗ ಯಾರು ಒಲೆ ಹಚ್ಚುತ್ತಾರೆ? ಗೆರೆ ನೆಲಕ್ಕೆ ಅಂಟಿಕೊಂಡು ಹೋಯಿತು. ಭಾರ ಕಡಿಮೆ ಇದೆ, ಈಗಿರುವ ಟ್ರಾನ್ಸ್‌ಫಾರ್ಮರೇ ಸಾಕು ಎಂದು ಉತ್ತರ ಬಂದು ಆ ಕೇಸು ಮುಚ್ಚಿತು. ಎಷ್ಟು ಶುದ್ಧವಾದ ತರ್ಕ ನೋಡಿ. ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

ದೇಸಾಯಿ ಸಾಹೇಬರು ಮತ್ತೆ ಮತ್ತೆ ಬರೆದರು. ಬರೆದದ್ದಕ್ಕೆ ಅಳ್ನಾವರಕ್ಕೆ ವರ್ಗವಾಯಿತು. ಹೋಗುವ ಮುಂಚೆ ಖಾತೂನಬಿಯವರ ಹೆಸರಿನಲ್ಲಿ ಒಲೆಯ ಮಂಜೂರಾತಿಗೆ ತಾವೇ ಅರ್ಜಿ ಬರೆದು, ಮಕ್ತುಮಸಾಬರ ಕೈಯಿಂದ ಕೊಡಿಸಿದರು. ದೀಪದ ತಂತಿಯನ್ನಾದರೂ ಮತ್ತೆ ಜೋಡಿಸಲು ಓಡಾಡಿ ಒಪ್ಪಿಗೆ ತಂದರು. ಬಸ್ಸಿಗೆ ಬಿಡಲು ನಾನು ಹೋಗಿದ್ದೆ. ಟ್ರಂಕಿನ ಮೇಲೆ ಕುಳಿತಿದ್ದರು.

"ಬಸಣ್ಣ, ಗೆರಿ ಓದೂದು ಕಲಿತ್ವಿ. ಓದಿದ್ದು ಯಾರ ಕೈಯಾಗ ಹೋಗ್ತದ ಅಂತ ಒಂದಿನಾನೂ ಕೇಳಕೊಳ್ಲಿಲ್ಲ ನೋಡು" ಎಂದರು.

ಆಮೇಲೆ ಅವರು ಅಂಥ ಪೆಟ್ಟಿಗೆಯನ್ನು ಮುಟ್ಟಲಿಲ್ಲ ಎಂದು ಕೇಳಿದ್ದೇನೆ. ನಮ್ಮಲ್ಲಿ ಅದನ್ನು ಮುಟ್ಟುವವರಿಗೇನೂ ಕಡಿಮೆ ಇರಲಿಲ್ಲ. ದಳದವರ ಜೊತೆ ಪೆಟ್ಟಿಗೆ ಹೊತ್ತು ಊರೂರು ತಿರುಗಿದವನು ನಾನೇ. ಹೊಟ್ಟೆಪಾಡು. ಗೆರೆ ಓದಲು ಬರುವವನು ಇನ್ನೊಬ್ಬನಿರಲಿಲ್ಲ. ಯಾರ ಮನೆಯಲ್ಲಿ ನೀರು ಕಾಯಿಸುವ ಸರಳು, ಯಾರ ಮನೆಯಲ್ಲಿ ಒಲೆ ಎಂದು ಹೇಳುತ್ತಾ ಹೋದೆ. ಏಕೆ ಇಟ್ಟುಕೊಂಡಿದ್ದಾರೆ ಎಂದು ಗೆರೆಯಲ್ಲಿ ಬರುವುದಿಲ್ಲ. ಯಾವ ಗೆರೆಯಲ್ಲೂ ಬಂದಿಲ್ಲ, ನಿಮ್ಮ ಬಿಳಿ ಡಬ್ಬಿಯಲ್ಲೂ ಬರಲಿಕ್ಕಿಲ್ಲ.

ಆ ಚಳಿಗಾಲ ಜಮಖಾನಿ ಓಣಿಗೆ ಹೋದಾಗಲೆಲ್ಲ ಖಾತೂನಬಿಯವರ ಮನೆಯ ಹೆಂಚುಗಳ ಸಂದಿಯಿಂದ ಹೊಗೆ ಏಳುವುದು ಕಾಣುತ್ತಿತ್ತು. ಹತ್ತಿಕಟ್ಟಿಗೆಯ ಹೊಗೆ. ಮೀಟರಿನ ಮುಂದೆ ನಿಂತರೆ ಒಳಗಿನಿಂದ ಕೆಮ್ಮು. ಮಗ್ಗದ ಸದ್ದು ಮೊದಮೊದಲು ನಡುನಡುವೆ ಕೇಳುತ್ತಿತ್ತು, ಆಮೇಲೆ ಇಲ್ಲ. ಮಕ್ತುಮಸಾಬರು ಸಂತೆಗೆ ಹೋಗುವುದನ್ನು ಬಿಟ್ಟು ತಾವೇ ಅಡುಗೆ ಮಾಡತೊಡಗಿದ್ದರು. ಅಡುಗೆಮನೆಯನ್ನು ಹಿತ್ತಲಿಗೆ ಸಾಗಿಸಿ, ತಗಡಿನ ಮರೆ ಮಾಡಿ ನೋಡಿದರು. ಸಣ್ಣ ಓಣಿ, ಎಲ್ಲ ಮನೆಗಳಲ್ಲೂ ಈಗ ಅದೇ ಕಟ್ಟಿಗೆಯ ಒಲೆ. ಹೊಗೆ ಎಲ್ಲಿಂದ ಬಂದರೂ ಎದೆಗೆ ಒಂದೇ.

"ಅರ್ಜಿದ ಏನಾತ್ರಿ ಬಸಣ್ಣಾರ?" ಎಂದು ಅವರು ಕೇಳುತ್ತಿದ್ದರು.

"ನಡದೈತ್ರಿ" ಎನ್ನುತ್ತಿದ್ದೆ. ಎಲ್ಲಿಯೂ ಏನೂ ನಡೆದಿರಲಿಲ್ಲ.

ಸಂಕ್ರಾಂತಿಯ ಆಸುಪಾಸಿಗೆ ಖಾತೂನಬಿಯವರನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರೆಂದು ಸುದ್ದಿ ಬಂತು. ಹೋದದ್ದು ಬಸ್ಸಿನಲ್ಲಿ, ಬಂದದ್ದು ಬಾಡಿಗೆ ಟೆಂಪೋದಲ್ಲಿ. ಹೊಗೆಯಿಂದಲೇ ತೀರಿಹೋದರು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಮೊದಲಿನಿಂದ ಇದ್ದ ರೋಗ ಎಂದರು. ಇರಬಹುದು. ನಾನು ಪ್ರಮಾಣ ಮಾಡಿ ಹೇಳಲಾರೆ. ಒಲೆ ಇದ್ದಷ್ಟು ದಿನ ಆಕೆ ಮಲಗಿ ನಿದ್ದೆ ಮಾಡುತ್ತಿದ್ದರು ಎಂಬುದನ್ನು ಮಾತ್ರ ಬಲ್ಲೆ. ಮಣ್ಣಿನ ದಿನ ಓಣಿಯ ತುದಿಯಲ್ಲಿ ನಿಂತಿದ್ದೆ, ಮುಂದೆ ಹೋಗಲು ಧೈರ್ಯ ಸಾಲಲಿಲ್ಲ.

ಮುಂದಿನ ವರ್ಷ ಊರ ಹೊರಗೆ ಒಬ್ಬ ಸಾಹುಕಾರರು ಹತ್ತಿ ಬಿಡಿಸುವ ಜಿನ್ನು ಹಾಕಿದರು. ಅದಕ್ಕೆ ಕರೆಂಟು ಬೇಕಾಯಿತು. ಯಾರೂ ಗೆರೆ ಕೇಳಲಿಲ್ಲ, ಪೆಟ್ಟಿಗೆ ತಾ ಎನ್ನಲಿಲ್ಲ. ಹೊಸ ಲೈನು ಬಂತು, ದೊಡ್ಡ ಟ್ರಾನ್ಸ್‌ಫಾರ್ಮರು ಬಂತು, ಅದು ಜಮಖಾನಿ ಓಣಿಯ ಬಾಯಲ್ಲೇ ನಿಂತಿತು. ಈಗ ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇದೆಯಲ್ಲ ಎಂದು ಹಳೆಯ ಅರ್ಜಿಗಳನ್ನೆಲ್ಲ ಒಂದೇ ದಿನ ಮಂಜೂರು ಮಾಡಿ ಕಳಿಸಿದರು. ಮನೆಮನೆಗೆ ಮುಟ್ಟಿಸುವ ಕೆಲಸ ನನಗೆ ಬಂತು.

ಮಕ್ತುಮಸಾಬರು ಕಟ್ಟೆಯ ಮೇಲೆ ಕುಳಿತಿದ್ದರು. ಬಾಗಿಲಿಗೆ ಪರದೆ ಇರಲಿಲ್ಲ. ಇನ್ನು ಯಾರಿಗೆಂದು ಕಟ್ಟಬೇಕು? ನಾನು ಕಾಗದ ಚಾಚಿದೆ.

"ಏನ್ರಿ ಇದು?"

"ಒಲಿಗೆ ಪರವಾನಗಿ ಬಂದೇತ್ರಿ."

ಅವರು ಕೈ ಚಾಚಲಿಲ್ಲ. "ಯಾರ ಹೆಸರಲೆ ಬಂದೇತಿ?"

ಕಾಗದ ನೋಡುವ ಅಗತ್ಯ ನನಗಿರಲಿಲ್ಲ. ಆದರೂ ನೋಡಿದೆ. "ಭಾಬಿಯವರ ಹೆಸರಲೆ."

"ಹೌದಲ್ರಿ? ಆಕೀಗೆ ಬಂದೇತಿ" ಎಂದರು ಮಕ್ತುಮಸಾಬರು. ಸಿಟ್ಟಿರಲಿಲ್ಲ ಆ ಧ್ವನಿಯಲ್ಲಿ. "ಹೋಗ್ರಿ ಬಸಣ್ಣಾರ. ಆಕೀಗೆ ಕೊಟ್ಟ ಬರ್ರಿ."